ಟ್ಯಾಂಕು, ರೇಡಿಯೇಟರ್ ಮೊದಲು; ತೋಪು ಆಮೇಲೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ವ್ಯೋಮಯುದ್ಧದ ಗೇಮ್ ಕಟ್ಟುತ್ತಿರುವ ಓದುಗರ ಪ್ರಶ್ನೆಗಳಿಗೇ ಈ ಸಲದ ಅಂಕಣ ಮೀಸಲು. ಪತ್ರಗಳೆಲ್ಲ ಕಾರವಾರ, ಶಿರಸಿ, ಕುಮಟಾ, ಹೊನ್ನಾವರದ ಕಡೆಯವು. ಹೆಚ್ಚಿನವರು ತೋಪು, ಕ್ಷಿಪಣಿ, ಲೇಸರ್‌ನಿಂದ ಶುರುಮಾಡಿ, ನೌಕೆಯನ್ನು ಅದರ ಸುತ್ತ ಹೊಂದಿಸಲು ಹೊರಟಿದ್ದಾರೆ. ನಮ್ಮ ಸಲಹೆ ತಿರುಗುಮುರುಗು. ಇಂಧನ ಎಷ್ಟು ಬೇಕು, ಶಾಖ ಎಲ್ಲಿ ಹೋಗಬೇಕು ಎಂಬ ಎರಡು ಲೆಕ್ಕ ಮುಗಿದರೆ ನೌಕೆಯ ಆಕಾರ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಅಂಕಿಗಳನ್ನು ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಗೇಮಿನ ಯುದ್ಧನೌಕೆ ಒಟ್ಟು 120 ಟನ್, ಅದರಲ್ಲಿ ಇಂಧನ 20 ಟನ್. ಭೂಮಿಯ ಕೆಳಕಕ್ಷೆಯಿಂದ ಚಂದ್ರನ ಕಕ್ಷೆಗೆ ಹೋಗಿ, ಕಾದಾಡಿ, ವಾಪಸ್ ಬರಬೇಕು. ಆಗುತ್ತದೆಯೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಕಾರವಾರ

ಉತ್ತರ: ಆಗುವುದಿಲ್ಲ. ಚಂದ್ರನ ದಾರಿ ಹಿಡಿಯುವುದಕ್ಕೂ ಸಾಲದು. ರಷ್ಯದ ವಿಜ್ಞಾನಿ ತ್ಸಿಯೋಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸೂತ್ರವೇ ಇಲ್ಲಿ ಸಾಕು: ನೌಕೆ ಒಟ್ಟು ಎಷ್ಟು ವೇಗ ಬದಲಿಸಿಕೊಳ್ಳಬಲ್ಲದು ಎಂದರೆ, ಎಂಜಿನ್ನಿನಿಂದ ಅನಿಲ ಹೊರಬೀಳುವ ವೇಗವನ್ನು (ತುಂಬಿದ ತೂಕ ÷ ಖಾಲಿ ತೂಕ) ಇದರ ನ್ಯಾಚುರಲ್ ಲಾಗ್‌ನಿಂದ ಗುಣಿಸಿದಷ್ಟು. ಈ ಮೊತ್ತವೇ ಡೆಲ್ಟಾ-ವಿ. ನಿಮ್ಮದು 120 ÷ 100 = 1.2, ಅದರ ಲಾಗ್ 0.182. ದ್ರವ ಹೈಡ್ರೋಜನ್-ಆಮ್ಲಜನಕದ ಎಂಜಿನ್ನಿನಲ್ಲಿ ಅನಿಲದ ವೇಗ ಸೆಕೆಂಡಿಗೆ ಸುಮಾರು 4.4 ಕಿ.ಮೀ. ಗುಣಿಸಿದರೆ ಸಿಗುವುದು ಸೆಕೆಂಡಿಗೆ 0.8 ಕಿ.ಮೀ. ಮಾತ್ರ.

ಬೇಕಾದದ್ದೆಷ್ಟು? ಕೆಳಕಕ್ಷೆಯಿಂದ ಚಂದ್ರನತ್ತ ಚಿಮ್ಮಲು ಸೆಕೆಂಡಿಗೆ 3.1 ಕಿ.ಮೀ., ಚಂದ್ರನ ಕಕ್ಷೆಗೆ ಸೇರಲು ಹತ್ತಿರಹತ್ತಿರ 0.9, ಅಲ್ಲಿಂದ ಹೊರಡಲು ಮತ್ತೆ 0.9. ಒಟ್ಟು 4.9. ಭೂಮಿಗೆ ಬಂದ ಮೇಲೆ ವಾಯುಮಂಡಲಕ್ಕೆ ಉಜ್ಜಿಕೊಂಡು ವೇಗ ಕಳೆಯುತ್ತೀರಿ ಎಂದುಕೊಂಡು ಹೇಳಿದ ಲೆಕ್ಕ ಇದು. ಆಗ ರೇಡಿಯೇಟರುಗಳನ್ನು (ಶಾಖ ಹೊರಹಾಕುವ ಫಲಕಗಳನ್ನು) ಮಡಚಿಡಲು ಜಾಗ ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ದಾರಿ ಎರಡು: ಇಂಧನ ಹೆಚ್ಚಿಸುವುದು, ಎಂಜಿನ್ ಬದಲಿಸುವುದು. ಎರಡನ್ನೂ ಮಾಡಿ. ಪರಮಾಣು ಶಾಖದಿಂದ ಹೈಡ್ರೋಜನ್ ಕಾಯಿಸಿ ಹೊರಹಾಕುವ ಎಂಜಿನ್ ಬರೀ ಕಲ್ಪನೆಯಲ್ಲ. ಅಮೆರಿಕದ ನರ್ವಾ ಯೋಜನೆಯ ಎಂಜಿನ್ 1969ರಲ್ಲಿ ನೆವಾಡಾದ ಪರೀಕ್ಷಾ ಕಟ್ಟೆಯಲ್ಲಿ ಓಡಿತ್ತು, ಸುಮಾರು 245 ಕಿಲೋನ್ಯೂಟನ್ ನೂಕುಬಲದ್ದು. ಇಂಥದರಲ್ಲಿ ಅನಿಲದ ವೇಗವನ್ನು 8.5 ಕಿ.ಮೀ. ಎಂದು ಹಿಡಿಯಬಹುದು. ನೌಕೆ 60 ಟನ್, ಇಂಧನ 60 ಟನ್ ಎಂದಿಟ್ಟರೆ 120 ÷ 60 = 2, ಅದರ ಲಾಗ್ 0.693; 8.5 × 0.693 = 5.9. ದಾರಿಖರ್ಚು ಕಳೆದು ಕಾದಾಟಕ್ಕೆ ಸೆಕೆಂಡಿಗೆ 1 ಕಿ.ಮೀ. ಉಳಿಯಿತು. ತುಂಬಿದ ನೌಕೆಯ ವೇಗೋತ್ಕರ್ಷ 2 ಮೀ./ಸೆ², ಅಂದರೆ ಭೂಮಿಯ ಗುರುತ್ವದ ಐದನೇ ಒಂದು ಪಾಲು. ಅರ್ಧ ತೂಕ ಇಂಧನವೇ ಎಂದು ಗಾಬರಿ ಬೇಡ. ಚಂದ್ರಯಾನ-3ರ ನೋದನ ಘಟಕದ ತೂಕ 2,148 ಕೆ.ಜಿ., ಅದರಲ್ಲಿ ಇಂಧನವೇ 1,696 ಕೆ.ಜಿ.

ಮುಂದಿನ ಪೆಟ್ಟು ಗಾತ್ರದ್ದು. ದ್ರವ ಹೈಡ್ರೋಜನ್ ಘನಮೀಟರಿಗೆ 71 ಕೆ.ಜಿ. ಮಾತ್ರ ತೂಗುತ್ತದೆ. 60 ಟನ್ನಿಗೆ 845 ಘನಮೀಟರ್, ಎಂದರೆ 8 ಮೀಟರ್ ವ್ಯಾಸದ, 17 ಮೀಟರ್ ಉದ್ದದ ಟ್ಯಾಂಕು. ನೀವು ಕಳಿಸಿದ ಚಿತ್ರದಲ್ಲಿ ಟ್ಯಾಂಕು ಕಾಣುವುದೇ ಇಲ್ಲ, ರೆಕ್ಕೆ ಮಾತ್ರ ಧಾರಾಳವಾಗಿದೆ. ರೆಕ್ಕೆ ಕಿತ್ತುಹಾಕಿ. ಒಂದೇ ಟ್ಯಾಂಕಿನ ಬದಲು ತಲಾ 10 ಟನ್ನಿನ ಆರು ಟ್ಯಾಂಕುಗಳನ್ನು ಎದುರುಬದುರು ಜೋಡಿಯಾಗಿ ಕೂರಿಸಿ, ನಡುವೆ ವಾಲ್ವ್ ಇಡಿ, ಜೋಡಿಜೋಡಿಯಾಗಿಯೇ ಖಾಲಿ ಮಾಡಿ. ಗುಂಡು ತಗುಲಿದರೆ ಟ್ಯಾಂಕು ಬೆಂಕಿಯುಂಡೆಯಾಗುವುದಿಲ್ಲ. ಉರಿಯಲು ಆಮ್ಲಜನಕ ಎಲ್ಲಿದೆ? ತೂತಿನಿಂದ ಅನಿಲ ಬುಸ್ಸೆಂದು ಚಿಮ್ಮಿ, ನೌಕೆ ಗಿರಗಿರ ತಿರುಗಲು ಹತ್ತುತ್ತದೆ. ಸ್ಫೋಟಕ್ಕಿಂತ ಆಟಗಾರನಿಗೆ ಇದೇ ಹೆಚ್ಚು ತಲೆನೋವು.

ಇನ್ನೊಂದು ವಿಷಯ ಕೋಡಿನಲ್ಲಿ ಬಿಟ್ಟುಹೋಗುವಂಥದ್ದು. ಪರಮಾಣು ಎಂಜಿನ್ ಆರಿಸಿದೊಡನೆ ತಣಿಯುವುದಿಲ್ಲ, ಒಳಗಿನ ವಿಕಿರಣಶೀಲ ವಸ್ತುಗಳ ಶಾಖ ಬರುತ್ತಲೇ ಇರುತ್ತದೆ. ಆರಿಸಿದ ಮೇಲೂ ಸ್ವಲ್ಪಸ್ವಲ್ಪ ಹೈಡ್ರೋಜನ್ ಹರಿಸಬೇಕು. ಪದೇಪದೇ ಹೊತ್ತಿಸಿ ಆರಿಸುವ ಆಟಗಾರನಿಗೆ ಈ ಖರ್ಚು ತಟ್ಟಲಿ.

ಪ್ರಶ್ನೆ: ಕೈಗಾದಲ್ಲಿ ರಿಯಾಕ್ಟರಿನ ಶಾಖವನ್ನು ಕದ್ರಾ ಜಲಾಶಯದ ನೀರಿಗೆ ಬಿಡುತ್ತಾರೆ. ಬಾಹ್ಯಾಕಾಶ ಅದಕ್ಕಿಂತ ಎಷ್ಟೋ ತಣ್ಣಗಿದೆ. ಹಾಗಿದ್ದ ಮೇಲೆ ನೌಕೆಗೆ ಅಷ್ಟು ದೊಡ್ಡ ರೇಡಿಯೇಟರ್ ಯಾಕೆ ಸರ್?
– ಪಿಯು ವಿದ್ಯಾರ್ಥಿನಿ, ಮಲ್ಲಾಪುರ

ಉತ್ತರ: ತಣ್ಣಗಿದೆ ನಿಜ, ಆದರೆ ಶಾಖವನ್ನು ಹೊತ್ತೊಯ್ಯಲು ಅಲ್ಲಿ ಏನೂ ಇಲ್ಲ. ಕೈಗಾದ ನಾಲ್ಕೂ ಘಟಕಗಳು ತಲಾ 220 ಮೆಗಾವ್ಯಾಟಿನವು. ಹುಟ್ಟುವ ಶಾಖದಲ್ಲಿ ಮೂರನೇ ಒಂದು ಪಾಲಿಗೂ ಕಡಿಮೆ ವಿದ್ಯುತ್ತಾಗುತ್ತದೆ. ಉಳಿದದ್ದು ನೀರಿನ ಪಾಲು. ನೌಕೆಗೆ ನದಿ ಇಲ್ಲ, ಗಾಳಿ ಇಲ್ಲ. ಶಾಖ ಬೆಳಕಿನ ರೂಪದಲ್ಲಿ, ಮುಖ್ಯವಾಗಿ ಅವಗೆಂಪು ಕಿರಣವಾಗಿ ಹೊರಹೋಗಬೇಕು. ಅದಕ್ಕೆ ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮ: ಚದರ ಮೀಟರಿಗೆ ಹೊರಬೀಳುವ ಶಕ್ತಿ ತಾಪದ ನಾಲ್ಕನೇ ಘಾತಕ್ಕೆ ಅನುಗುಣ. ತಾಪ ಕೆಲ್ವಿನ್‌ನಲ್ಲಿರಬೇಕು, ಗುಣಾಂಕ 5.67 × 10⁻⁸.

ಲೆಕ್ಕ ಹಾಕೋಣ. 1 ಮೆಗಾವ್ಯಾಟ್ ವಿದ್ಯುತ್ ಕೊಡುವ ರಿಯಾಕ್ಟರಿನ ದಕ್ಷತೆ ನೂರಕ್ಕೆ 25 ಎಂದರೆ 3 ಮೆಗಾವ್ಯಾಟ್ ಶಾಖ ಹೊರಹಾಕಬೇಕು. ರೇಡಿಯೇಟರ್ 800 ಕೆಲ್ವಿನ್‌ನಲ್ಲಿ ಕೆಂಪಗೆ ಕಾದಿದ್ದರೆ, ಹೊರಸೂಸುವಿಕೆ 0.9 (ಆದರ್ಶ ಮೈ ಸೂಸುವುದರಲ್ಲಿ ನೂರಕ್ಕೆ 90) ಎಂದು ಹಿಡಿದು, ಎರಡೂ ಮುಖ ಸೇರಿ ಚದರ ಮೀಟರಿಗೆ 41.8 ಕಿಲೋವ್ಯಾಟ್ ಹೋಗುತ್ತದೆ. 72 ಚದರ ಮೀಟರ್ ಸಾಕು. ಅದೇ ರೇಡಿಯೇಟರ್ 400 ಕೆಲ್ವಿನ್‌ನಲ್ಲಿದ್ದರೆ 16 ಪಟ್ಟು, ಸುಮಾರು 1,150 ಚದರ ಮೀಟರ್ ಬೇಕು. ಹಾಗೆಂದು ತಾಪ ಏರಿಸುತ್ತಲೇ ಹೋದರೆ ರಿಯಾಕ್ಟರಿಗೂ ರೇಡಿಯೇಟರಿಗೂ ನಡುವಿನ ವ್ಯತ್ಯಾಸ ಕುಗ್ಗಿ ದಕ್ಷತೆ ಬೀಳುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಸಿಬ್ಬಂದಿಯ ಕೋಣೆ, ಕಂಪ್ಯೂಟರ್, ಬ್ಯಾಟರಿಗಳನ್ನು 800 ಕೆಲ್ವಿನ್‌ನಲ್ಲಿಡಲು ಬರುವುದಿಲ್ಲ. ಅವಕ್ಕೆ 300 ಕೆಲ್ವಿನ್‌ನ ಬೇರೆಯೇ ಕೊಳವೆ ಜಾಲ ಬೇಕು. ಅಲ್ಲಿ ಎರಡೂ ಮುಖ ಸೇರಿ ಚದರ ಮೀಟರಿಗೆ ಹೋಗುವುದು 826 ವ್ಯಾಟ್. ಬರೀ 50 ಕಿಲೋವ್ಯಾಟ್ ಹೊರಹಾಕಲು 60 ಚದರ ಮೀಟರ್! ಮೂರು ಮೆಗಾವ್ಯಾಟಿನ ಬಿಸಿ ರೇಡಿಯೇಟರಿಗೂ ಐವತ್ತು ಕಿಲೋವ್ಯಾಟಿನ ತಂಪು ರೇಡಿಯೇಟರಿಗೂ ಹೆಚ್ಚುಕಡಿಮೆ ಒಂದೇ ಜಾಗ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೋನಿಯಾ ಹರಿಯುವ ಬಿಳಿ ಫಲಕಗಳು ಅಷ್ಟು ಉದ್ದ ಇರುವುದಕ್ಕೆ ಕಾರಣ ಇದೇ. ಅವು ಹೊರಹಾಕುವುದು 70 ಕಿಲೋವ್ಯಾಟ್.

ಜೋಡಣೆ ಹೀಗಿರಲಿ. ಫಲಕಗಳು ಒಂದಕ್ಕೊಂದು ಮುಖಮಾಡಬಾರದು. ಮಾಡಿದರೆ ಒಂದರ ಶಾಖ ಇನ್ನೊಂದಕ್ಕೆ. ಹಾಗಾಗಿ ಎರಡು ಫಲಕ, ಒಂದೇ ಸಮತಲದಲ್ಲಿ, ಎಡಕ್ಕೊಂದು ಬಲಕ್ಕೊಂದು. ಸೂರ್ಯನಿಗೂ ಶತ್ರುವಿಗೂ ಅಂಚು ತೋರಿಸುವಂತೆ ನೌಕೆಯನ್ನು ಹೊರಳಿಸಿ. ರಿಯಾಕ್ಟರನ್ನು ಉದ್ದನೆಯ ಕಂಬದ ತುದಿಯಲ್ಲಿಟ್ಟು, ಸಿಬ್ಬಂದಿಯ ಕಡೆಗೆ ಮಾತ್ರ ಟಂಗ್‌ಸ್ಟನ್ ಮತ್ತು ಲೀಥಿಯಂ ಹೈಡ್ರೈಡಿನ ತಡೆ ಇಡಿ. ಆ ತಡೆಯ ನೆರಳು ಶಂಕುವಿನಾಕಾರದಲ್ಲಿ ಮುಂದಕ್ಕೆ ಹರಡುತ್ತದೆ. ರೇಡಿಯೇಟರ್ ಅದರ ಹೊರಗೆ ಚಾಚಿದರೆ ವಿಕಿರಣ ಅಲ್ಲಿಗೆ ಬಡಿದು ಚದುರಿ ಸಿಬ್ಬಂದಿಯ ಕಡೆ ಬರುತ್ತದೆ. ಆದ್ದರಿಂದ ಫಲಕ ರಿಯಾಕ್ಟರಿನ ಬಳಿ ಕಿರಿದಾಗಿ, ದೂರ ಹೋದಂತೆ ಅಗಲವಾಗುವ ತ್ರಿಕೋನ. ನೋಡಿ, ಚಿತ್ರಕಾರನ ಕೈ ತಾಗದೆಯೇ ನೌಕೆಗೊಂದು ರೂಪ ಬಂತು.

ಕಾಳಗದಲ್ಲಿ ಫಲಕ ಮಡಚಿಟ್ಟುಕೊಳ್ಳಬೇಕೇ? ನೀರು ಕುದಿಸಿ. 20 ಡಿಗ್ರಿಯ ಒಂದು ಕಿಲೋ ನೀರು ಆವಿಯಾಗಿ ಹೋಗುವಾಗ 2.6 ಮೆಗಾಜೂಲ್ ಒಯ್ಯುತ್ತದೆ. 3 ಮೆಗಾವ್ಯಾಟಿಗೆ ಸೆಕೆಂಡಿಗೆ 1.15 ಕೆ.ಜಿ., ಹತ್ತು ನಿಮಿಷಕ್ಕೆ 690 ಕೆ.ಜಿ. ಆವಿಯನ್ನು ಎರಡೂ ಬದಿ ಸಮವಾಗಿ ಬಿಡಿ, ಇಲ್ಲದಿದ್ದರೆ ನೌಕೆ ಪಕ್ಕಕ್ಕೆ ಸರಿಯುತ್ತದೆ. ಫಲಕವನ್ನು ಎಂಟು ಭಾಗ ಮಾಡಿ, ಪ್ರತಿಯೊಂದಕ್ಕೂ ಸ್ವಂತ ಕೊಳವೆ, ಸ್ವಂತ ವಾಲ್ವ್ ಕೊಡಿ. ಎರಡು ಹಾಳಾದರೆ ರಿಯಾಕ್ಟರ್ ಮುಕ್ಕಾಲು ಶಕ್ತಿಗೆ ಇಳಿಯಲಿ. ಹಾನಿಯ ಲೆಕ್ಕಕ್ಕೆ "ಹೆಲ್ತ್ ಬಾರ್"ಗಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಬೈತಖೋಲ ಬಂದರಿನಲ್ಲಿ ಟ್ರಾಲರ್‌ಗಳು ತಿರುಗುವಂತೆ ನೌಕೆ ಬಾಗಿ ತಿರುಗಿದರೆ ಚೆಂದ ಕಾಣುತ್ತದೆ. ತಪ್ಪೇ? ತಿರುಗಲು ಎಷ್ಟು ಹೊತ್ತು ಇಡಬೇಕು?
– ಕಾರವಾರ

ಉತ್ತರ: ಟ್ರಾಲರ್ ತಿರುಗುವುದು ಚುಕ್ಕಾಣಿ, ಒಡಲು ಎರಡೂ ನೀರನ್ನು ಒತ್ತುವುದರಿಂದ. ನಿರ್ವಾತದಲ್ಲಿ ಒತ್ತಲು ಏನಿದೆ? ಮೂತಿ ತಿರುಗಿಸಿದರೂ ನೌಕೆ ಹಳೆಯ ದಿಕ್ಕಿಗೇ ಸಾಗುತ್ತಿರುತ್ತದೆ, ಎಂಜಿನ್ ಹೊತ್ತಿಸಿದ ಮೇಲಷ್ಟೇ ದಾರಿ ಬದಲು.

ಹೊತ್ತಿನ ಲೆಕ್ಕಕ್ಕೆ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗಿಸಲು ಹೋದಾಗ ನೌಕೆ ಒಡ್ಡುವ ಜಡತೆಯ ಅಳತೆ ಬೇಕು. ಅಡಿಕೆ ಕೊಯ್ಯುವ ದೋಟಿಯನ್ನು ನಡುವೆ ಹಿಡಿದು ತಿರುಗಿಸಿ ನೋಡಿದವರಿಗೆ ಉದ್ದ ಎಷ್ಟು ಕಾಡುತ್ತದೆ ಎಂದು ಗೊತ್ತು. 120 ಟನ್, 40 ಮೀಟರಿನ ನೌಕೆಯನ್ನು ಏಕರೂಪದ ಕೋಲು ಎಂದುಕೊಂಡರೆ ತೂಕ × ಉದ್ದದ ವರ್ಗ ÷ 12, ಅಂದರೆ 1.6 ಕೋಟಿ ಕೆ.ಜಿ.ಮೀ². ಎರಡು ತುದಿಗೂ 1,000 ನ್ಯೂಟನ್ನಿನ ಒಂದೊಂದು ಥ್ರಸ್ಟರ್ (ನೌಕೆ ತಿರುಗಿಸುವ ಪುಟ್ಟ ಎಂಜಿನ್) ವಿರುದ್ಧ ದಿಕ್ಕಿಗೆ ಉರಿದರೆ ತಿರುಚುಬಲ 40,000 ನ್ಯೂ.ಮೀ. ಅರ್ಧ ದಾರಿ ನೂಕಿ, ಉಳಿದರ್ಧ ತಡೆದು 180 ಡಿಗ್ರಿ ತಿರುಗಲು 71 ಸೆಕೆಂಡ್. ತೂಕ ಅಷ್ಟೇ ಇಟ್ಟು ಉದ್ದ ಇಮ್ಮಡಿ ಮಾಡಿದರೆ, ಥ್ರಸ್ಟರುಗಳ ತೋಳು ಇಮ್ಮಡಿಯಾದರೂ, 100 ಸೆಕೆಂಡ್.

ಖರ್ಚನ್ನೂ ನೋಡಿ. ಹೈಡ್ರಜೀನ್ ಥ್ರಸ್ಟರಿನ ಅನಿಲದ ವೇಗ 2.2 ಕಿ.ಮೀ. ಎಂದರೆ, ಆ 71 ಸೆಕೆಂಡಿನ ತಿರುವಿಗೆ ಸುಮಾರು 65 ಕೆ.ಜಿ. ಖರ್ಚು. ಅದೇ ತಿರುವಿಗೆ ನಾಲ್ಕು ಸೆಕೆಂಡ್ ನೂಕಿ, ತಾನಾಗಿ ತಿರುಗಲು ಬಿಟ್ಟು, ಕೊನೆಗೆ ನಾಲ್ಕು ಸೆಕೆಂಡ್ ತಡೆದರೆ ಐದು ನಿಮಿಷ ಹಿಡಿಯುತ್ತದೆ, ಖರ್ಚು 8 ಕೆ.ಜಿ.ಯೊಳಗೆ. ಅವಸರವೋ ಉಳಿತಾಯವೋ ಎಂಬುದನ್ನು ಆಟಗಾರನಿಗೇ ಬಿಡಿ.

ಒಂದು ಬದಿಯ ಟ್ಯಾಂಕೋ ಫಲಕವೋ ಹಾರಿಹೋದರೆ ತೂಕದ ಕೇಂದ್ರ ಪಕ್ಕಕ್ಕೆ ಜಾರುತ್ತದೆ. ಮುಖ್ಯ ಎಂಜಿನ್ನಿನ ನೇರದಿಂದ 10 ಸೆಂ.ಮೀ. ಜಾರಿದರೂ 245 ಕಿಲೋನ್ಯೂಟನ್ನಿಗೆ 24,500 ನ್ಯೂ.ಮೀ. ತಿರುಚುಬಲ ಹುಟ್ಟುತ್ತದೆ. ಎಂಜಿನ್ ತೂಕದ ಕೇಂದ್ರದಿಂದ 15 ಮೀಟರ್ ಹಿಂದಿದ್ದರೆ ಅದರ ಮೂತಿಯನ್ನು 0.4 ಡಿಗ್ರಿ ವಾಲಿಸಿದರೆ ಸರಿಹೋಯಿತು. 1 ಮೀಟರ್ ಜಾರಿದರೆ 3.8 ಡಿಗ್ರಿ. ವಾಲುವ ಮಿತಿಯನ್ನು 6 ಡಿಗ್ರಿಗೆ ಇಡಿ. ಮಿತಿ ಮೀರಿದ ನೌಕೆ ಎಂಜಿನ್ ಸರಿಯಿದ್ದೂ ನೇರ ಹೋಗಲಾರದು.

ಪ್ರಶ್ನೆ: ನಮ್ಮ ಗೇಮಿನಲ್ಲಿ ಎರಡು ತೊಂದರೆ. ಕಕ್ಷೆಯಲ್ಲಿ ನೌಕೆ ಗಡಗಡ ನಡುಗುತ್ತದೆ. ಗುಂಡು ಶತ್ರುನೌಕೆಯನ್ನು ತಾಗದೆ ಆರಪಾರ ಹೋಗುತ್ತದೆ. ಗೇಮ್ ಕಟ್ಟುವ ಯೂನಿಟಿ ತಂತ್ರಾಂಶ ಬಳಸುತ್ತಿದ್ದೇವೆ.
– ಶಿರಸಿ

ಉತ್ತರ: ಮೊದಲನೆಯದು ದಶಮಾಂಶದ ತೊಂದರೆ. ಯೂನಿಟಿ ಸ್ಥಾನವನ್ನು 32 ಬಿಟ್ಟಿನ ಫ್ಲೋಟ್‌ನಲ್ಲಿ ಇಡುತ್ತದೆ. ಭೂಮಿಯ ಕೇಂದ್ರವನ್ನು ಸೊನ್ನೆ ಎಂದಿಟ್ಟು ಮೀಟರಿನಲ್ಲಿ ಅಳೆದರೆ ಕೆಳಕಕ್ಷೆ 70 ಲಕ್ಷ ಮೀಟರ್ ಹತ್ತಿರ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಫ್ಲೋಟ್ ಅರ್ಧ ಮೀಟರಿಗಿಂತ ಸಣ್ಣ ವ್ಯತ್ಯಾಸ ಹಿಡಿಯಲಾರದು, ನೌಕೆ ಅರ್ಧರ್ಧ ಮೀಟರ್ ಹಾರುತ್ತ ಸಾಗುತ್ತದೆ. 64 ಬಿಟ್ಟಿನ ಡಬಲ್‌ನಲ್ಲಿ ಅದೇ ಜಾಗದ ಮೆಟ್ಟಿಲು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು. ಹೀಗೆ ಮಾಡಿ: ಎಲ್ಲ ಸ್ಥಾನ, ವೇಗಗಳನ್ನು ನಿಮ್ಮದೇ ಡಬಲ್ ಪಟ್ಟಿಯಲ್ಲಿ ಇಡಿ. ಭೌತಲೆಕ್ಕ ಅಲ್ಲೇ ನಡೆಯಲಿ. ಪ್ರತಿ ಫ್ರೇಮಿನಲ್ಲಿ ಕ್ಯಾಮೆರಾದ ಸ್ಥಾನವನ್ನು ಡಬಲ್‌ನಲ್ಲೇ ಕಳೆದು, ಉಳಿದ ವ್ಯತ್ಯಾಸವನ್ನು ಮಾತ್ರ ಫ್ಲೋಟ್ ಮಾಡಿ ತೆರೆಗೆ ಕೊಡಿ. ಮೊದಲು ಫ್ಲೋಟ್ ಮಾಡಿ ಆಮೇಲೆ ಕಳೆದರೆ ಪ್ರಯೋಜನವಿಲ್ಲ, ನಡುಕ ಹಾಗೇ ಉಳಿಯುತ್ತದೆ.

ಎರಡನೆಯದು ವೇಗದ್ದು. ಭೌತಲೆಕ್ಕದ ಹೆಜ್ಜೆ 0.02 ಸೆಕೆಂಡ್, ಗುಂಡಿನ ಸಾಪೇಕ್ಷ ವೇಗ 10 ಕಿ.ಮೀ. ಎಂದರೆ ಒಂದು ಹೆಜ್ಜೆಗೆ 200 ಮೀಟರ್. 40 ಮೀಟರಿನ ನೌಕೆಯ ಉದ್ದಕ್ಕೇ ಬಂದರೂ ಐದರಲ್ಲಿ ನಾಲ್ಕು ಗುಂಡು ಹೆಜ್ಜೆಗಳ ನಡುವೆ ದಾಟಿಹೋಗುತ್ತವೆ. ಹೆಜ್ಜೆ ಚಿಕ್ಕದು ಮಾಡುತ್ತ ಕೂರಬೇಡಿ. ಗುರಿಯಿಂದ ಗುಂಡಿನ ಸಾಪೇಕ್ಷ ಸ್ಥಾನ r, ಸಾಪೇಕ್ಷ ವೇಗ v ತೆಗೆದುಕೊಳ್ಳಿ. ಅತಿ ಹತ್ತಿರ ಬರುವ ಸಮಯ t = −(r·v) ÷ (v·v). ಅದನ್ನು ಸೊನ್ನೆಗೂ ಹೆಜ್ಜೆಯ ಅವಧಿಗೂ ನಡುವೆ ಕಟ್ಟಿಹಾಕಿ. ಆ ಹೊತ್ತಿನ ಅಂತರ ನೌಕೆಯನ್ನು ಸುತ್ತುವರಿಯುವ ಗೋಳದ ತ್ರಿಜ್ಯಕ್ಕಿಂತ ಕಡಿಮೆಯಿದ್ದರೆ ಮಾತ್ರ ರೇಖೆ ಎಳೆದು ಯಾವ ಭಾಗಕ್ಕೆ ತಾಗಿತು ಎಂದು ನೋಡಿ.

ಕೇಳದಿದ್ದರೂ ಒಂದು ಮಾತು: ಈಗಿನ ವೇಗದಿಂದಲೇ ಮುಂದಿನ ಸ್ಥಾನ ತೆಗೆಯುವ ಸರಳ ಆಯ್ಲರ್ ವಿಧಾನದಲ್ಲಿ ಕಕ್ಷೆ ಸುತ್ತುಸುತ್ತಿಗೂ ಹಿಗ್ಗುತ್ತದೆ. ಸ್ಥಾನ, ವೇಗಗಳನ್ನು ಅರ್ಧ ಹೆಜ್ಜೆಯ ಅಂತರದಲ್ಲಿ ಸರದಿಯಂತೆ ತೆಗೆಯುವ ಲೀಪ್‌ಫ್ರಾಗ್ ವಿಧಾನ ಬಳಸಿ. ಎಂಜಿನ್ ಆರಿರುವಾಗ ಕಾಲವನ್ನು ಓಡಿಸುವ ಸೌಲಭ್ಯ ಇದ್ದರೆ, ಆಗ ಹೆಜ್ಜೆ ಲೆಕ್ಕ ಬಿಟ್ಟು ಕೆಪ್ಲರ್ ಸಮೀಕರಣದಿಂದ ನೇರ ಸ್ಥಾನ ತೆಗೆಯಿರಿ.

ಪ್ರಶ್ನೆ: ಒಂದೇ ಕಕ್ಷೆಯಲ್ಲಿ ಶತ್ರು ಮುಂದಿದ್ದಾನೆ. ವೇಗ ಹೆಚ್ಚಿಸಿದಷ್ಟೂ ದೂರವಾಗುತ್ತಾನೆ. ಕೋಡು ತಪ್ಪಿದೆಯೇ?
– ಹೊನ್ನಾವರ

ಉತ್ತರ: ಕೋಡು ಸರಿಯಿದೆ. ವೇಗ ಹೆಚ್ಚಿಸಿದರೆ ಕಕ್ಷೆ ಮೇಲೇರಿ, ಸುತ್ತಲು ಹೆಚ್ಚು ಹೊತ್ತು ಬೇಕಾಗುತ್ತದೆ. ಹಿಡಿಯಬೇಕೆಂದರೆ ವೇಗ ತಗ್ಗಿಸಿ. 400 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 10 ಮೀಟರ್ ತಗ್ಗಿಸಿದರೆ ಸುತ್ತು 22 ಸೆಕೆಂಡ್ ಬೇಗ ಮುಗಿದು, ಒಂದು ಸುತ್ತಿಗೆ 166 ಕಿ.ಮೀ. ಮುಂದೆ ಬರುತ್ತೀರಿ, ಕಕ್ಷೆಯ ಆಚೆ ಬದಿ 35 ಕಿ.ಮೀ. ಕೆಳಗಿಳಿಯುತ್ತದೆ. ಸಮೀಪಿಸಿದ ಮೇಲೆ ಅದೇ 10 ಮೀಟರನ್ನು ವಾಪಸ್ ಕೊಡಬೇಕು. ಕೆಲವು ಕಿಲೋಮೀಟರಿನೊಳಗೆ ಮಾತ್ರ ನೇರ ನೂಕಿ ಹೋಗುವುದು ನಡೆಯುತ್ತದೆ. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಉಪಗ್ರಹಗಳು ಜೋಡಣೆಯಾದಾಗ ಕೊನೆಯ ವೇಗ ಸೆಕೆಂಡಿಗೆ ಸೆಂಟಿಮೀಟರ್ ಮಟ್ಟದ್ದು. ಶತ್ರುನೌಕೆಗೆ ಸಿಬ್ಬಂದಿ ಹತ್ತಿಸುವ ದೃಶ್ಯವಿದ್ದರೆ ಇದು ನೆನಪಿರಲಿ.

ಪ್ರಶ್ನೆ: 1 ಮೆಗಾವ್ಯಾಟ್ ಲೇಸರ್ 1,000 ಕಿ.ಮೀ. ದೂರದಿಂದ ನೌಕೆಯನ್ನು ಎರಡಾಗಿ ಸೀಳಬಲ್ಲದೇ?
– ಕುಮಟಾ

ಉತ್ತರ: ಇಲ್ಲ. ಬೆಳಕು ಹರಡಿಯೇ ಹರಡುತ್ತದೆ. ಚುಕ್ಕೆಯ ವ್ಯಾಸ = 2.44 × ತರಂಗಾಂತರ × ದೂರ ÷ ಕನ್ನಡಿಯ ವ್ಯಾಸ. ತರಂಗಾಂತರ 1 ಮೈಕ್ರಾನ್, ಕನ್ನಡಿ 2 ಮೀಟರ್ ಎಂದರೆ 1,000 ಕಿ.ಮೀ.ಗೆ 1.22 ಮೀಟರಿನ ಚುಕ್ಕೆ, ತೀವ್ರತೆ ಬಿಸಿಲಿನ ಸುಮಾರು 630 ಪಟ್ಟು. ಕ್ಯಾಮೆರಾಗಳನ್ನು ಕುರುಡಾಗಿಸಲು ಧಾರಾಳ, ಸೀಳಲು ಅಲ್ಲ. 100 ಕಿ.ಮೀ.ಗೆ ಬಂದರೆ ಚುಕ್ಕೆ 12 ಸೆಂ.ಮೀ., ತೀವ್ರತೆ ನೂರು ಪಟ್ಟು. ಆಗ ರೇಡಿಯೇಟರ್ ಉಳಿಯುವುದಿಲ್ಲ. ನಿಜವಾದ ತೊಡಕು ನಿಮ್ಮ ಕಡೆಯೇ ಇದೆ: ಲೇಸರಿನ ದಕ್ಷತೆ ನೂರಕ್ಕೆ 30 ಎಂದರೆ 2.3 ಮೆಗಾವ್ಯಾಟ್ ಶಾಖ ನಿಮ್ಮೊಳಗೇ ಉಳಿಯುತ್ತದೆ, ಅದೂ 300 ಕೆಲ್ವಿನ್ನಿನ ತಂಪು ಜಾಲದಲ್ಲಿ. 2,800 ಚದರ ಮೀಟರ್ ಫಲಕ ಬೇಕು! ಹಾಗಾಗಿ ಲೇಸರಿಗೆ ಸೆಕೆಂಡುಗಳ ಬಾಳು ಕೊಟ್ಟು, ಶಾಖವನ್ನು ನೀರಿನ ತೊಟ್ಟಿಗೆ ತುಂಬಿ, ಮುಂದಿನ ಬಾರಿಗೆ ಆಟಗಾರ ಕಾಯುವಂತೆ ಮಾಡಿ. ಕಿರಣದ ಗೆರೆ ನಿರ್ವಾತದಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಅಡಗಿ ಕೂರುವ ನೌಕೆ ಮಾಡಬಹುದೇ?
– ಅಂಕೋಲಾ

ಉತ್ತರ: ಮನುಷ್ಯರಿರುವ ನೌಕೆಯ ಮೈ 300 ಕೆಲ್ವಿನ್, ಹಿನ್ನೆಲೆ ಆಕಾಶ 2.7 ಕೆಲ್ವಿನ್. ಅವಗೆಂಪು ದುರ್ಬೀನಿಗೆ ಅಡಗಿಸುವುದು ಕಷ್ಟ, ಎಂಜಿನ್ ಹೊತ್ತಿಸಿದರಂತೂ ಮುಗಿಯಿತು. ಮೋಸಕ್ಕೆ ಜಾಗ ಇರುವುದು ಗ್ರಹದ ಮರೆಯಲ್ಲಿ ಮತ್ತು ಹುಸಿ ನೌಕೆಗಳಲ್ಲಿ.

ಪ್ರಶ್ನೆ: ರಕ್ಷಾಕವಚ ಎಷ್ಟು ದಪ್ಪ ಇರಬೇಕು?
– ಭಟ್ಕಳ

ಉತ್ತರ: ಸೆಕೆಂಡಿಗೆ 3 ಕಿ.ಮೀ. ವೇಗದ ಯಾವುದೇ ವಸ್ತು ತನ್ನಷ್ಟೇ ತೂಕದ ಟಿಎನ್‌ಟಿ ಸ್ಫೋಟಕಕ್ಕಿಂತ ತುಸು ಹೆಚ್ಚು ಶಕ್ತಿ ಹೊತ್ತಿರುತ್ತದೆ, 10 ಕಿ.ಮೀ.ಗೆ ಹನ್ನೆರಡು ಪಟ್ಟು. ದಪ್ಪ ಉಕ್ಕಿನ ತೂಕಕ್ಕೆ ನಿಮ್ಮ ಡೆಲ್ಟಾ-ವಿ ಸತ್ತುಹೋಗುತ್ತದೆ. ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪ್ಲ್ 1947ರಲ್ಲಿ ಸೂಚಿಸಿದ ಉಪಾಯ ಈಗಲೂ ನಡೆಯುತ್ತಿದೆ: ಹೊರಗೆ ಒಂದೆರಡು ಮಿ.ಮೀ. ಅಲ್ಯೂಮಿನಿಯಂ ತಗಡು, 10 ಸೆಂ.ಮೀ. ಖಾಲಿ, ಒಳಗೆ ಗಟ್ಟಿ ಗೋಡೆ. ಕಣ ತಗಡಿಗೆ ಬಡಿದು ಪುಡಿಯಾಗಿ, ಹರಡಿ, ಗೋಡೆಯನ್ನು ತಲುಪುವಾಗ ಸತ್ವ ಕಳೆದುಕೊಂಡಿರುತ್ತದೆ. ಇದು ಸಣ್ಣ ಚೂರುಗಳಿಗೆ ಸರಿ, ತೋಪಿನ ಗುಂಡಿಗಲ್ಲ. ವೇಗವೂ ಮುಖ್ಯ. ಸೆಕೆಂಡಿಗೆ 7 ಕಿ.ಮೀ.ಗಿಂತ ಹೆಚ್ಚಿದ್ದರೆ ಕಣ ಕರಗಿಹೋಗುತ್ತದೆ. 3ಕ್ಕಿಂತ ಕಡಿಮೆಯಿದ್ದರೆ ಚೂರಾಗದೆ ಇಡಿಯಾಗಿಯೇ ಗೋಡೆ ಕೊರೆಯುತ್ತದೆ. ನಿಧಾನದ ಗುಂಡು ಹೆಚ್ಚು ಅಪಾಯಕಾರಿಯಾಗುವ ಈ ವಿಚಿತ್ರವನ್ನು ಗೇಮಿನಲ್ಲಿ ಬಿಡಬೇಡಿ.

ಪ್ರಶ್ನೆ: ಟ್ಯಾಗೋರ್ ಕಡಲತೀರದ ಚಪಲ್ ಯುದ್ಧನೌಕೆಯಲ್ಲಿರುವಂತೆ ಮೇಲ್ಗಡೆ ಗಾಜಿನ ಕಿಟಕಿಯ ಬ್ರಿಡ್ಜ್ (ನೌಕೆ ನಡೆಸುವ ಕೋಣೆ) ಇಡಬಹುದೇ? ಸದ್ದು ಹೇಗಿರಬೇಕು?
– ಕಾರವಾರ

ಉತ್ತರ: ಬ್ರಿಡ್ಜ್ ನೌಕೆಯ ನಡುವೆ, ನೀರಿನ ತೊಟ್ಟಿಗಳ ಮರೆಯಲ್ಲಿರಲಿ, ಹೊರಗಿನದನ್ನು ಕ್ಯಾಮೆರಾ ತೋರಿಸುತ್ತದೆ. ನೆಲದ ದಿಕ್ಕನ್ನೂ ಬದಲಿಸಿ. ಎಂಜಿನ್ ಉರಿಯುವಾಗ "ಕೆಳಗೆ" ಎಂದರೆ ಎಂಜಿನ್ನಿನ ಕಡೆ, ಆದ್ದರಿಂದ ಕೋಣೆಗಳು ಮಹಡಿಯ ಮೇಲೆ ಮಹಡಿಯಾಗಿ ಬರಬೇಕು. ಹೊರಗಿನ ಸ್ಫೋಟಕ್ಕೆ ಸದ್ದು ಬೇಡ. ಪಂಪಿನ ಗುಂಯ್‌ಗುಡುವಿಕೆ, ಥ್ರಸ್ಟರ್ ವಾಲ್ವಿನ ಟಕ್, ತಗಡಿಗೆ ಚೂರು ಬಡಿದದ್ದು ಮೈಯ ಲೋಹದಲ್ಲೇ ಹರಿದು ಒಳಗೆ ಕೇಳುತ್ತವೆ. ಕಾಳಗಕ್ಕೆ ಮುನ್ನ ಕೋಣೆಯ ಗಾಳಿ ತೆಗೆದಿಟ್ಟರೆ ಅವನ್ನು ಆಸನ, ಪೋಷಾಕಿನ ಮೂಲಕ ಬರುವ ಮಂದ ಸದ್ದಾಗಿ ಇಡಿ, ಮೇಲ್ಸ್ವರಗಳನ್ನು ಕತ್ತರಿಸಿ.